ಕನ್ನಡಿಯಂಥ ಸ್ಲೈಡು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಕಲ್ಲು ಕರಗಿಸುವುದು ಎನ್ನುತ್ತೇನೆ. ಅಷ್ಟಕ್ಕೇ ಅರ್ಧ ಜನ ಸುಮ್ಮನಾಗಿಬಿಡುತ್ತಾರೆ. ಉಳಿದವರು ‘ಯಾಕೆ?’ ಅಂತ ಕೇಳುತ್ತಾರೆ. ಅವರನ್ನು ಕೂರಿಸಿಕೊಂಡು ಪೂರ್ತಿ ಹೇಳುತ್ತೇನೆ, ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಭೂಮಿಯೊಳಗಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳು ನಮ್ಮ ಸರ್ವೆ ಕಚೇರಿಗೆ ಬರುತ್ತವೆ. ಅದರ ಒಂದು ತುಂಡನ್ನು ಆಸಿಡ್ಡಿನಲ್ಲಿ ನೆನೆಹಾಕಿದರೆ ಮೊದಲು ಸುಣ್ಣದ ಅಂಶ ಹೋಗುತ್ತದೆ, ಆಮೇಲೆ ಇನ್ನೊಂದು ಆಸಿಡ್ಡಿಗೆ ಮರಳು, ಜೇಡಿ ಎಲ್ಲ ಹೋಗುತ್ತದೆ. ಕೊನೆಗೆ ಲೋಟದ ತಳದಲ್ಲಿ ಚಿಟಿಕೆಯಷ್ಟು ಕಂದು ಪುಡಿ ಉಳಿಯುತ್ತದೆ. ಅದು ಲಕ್ಷಾಂತರ ವರ್ಷಗಳ ಹಿಂದಿನ ಗಿಡಮರಗಳ ಕಸ. ಮರದ ಚೂರು, ಎಲೆಯ ಮೇಲಿನ ತೆಳು ಸಿಪ್ಪೆ, ಹೂವಿನ ಪರಾಗ, ಯಾವುದೋ ಕಾಡ್ಗಿಚ್ಚಿನ ಇದ್ದಿಲು. ಅದನ್ನು ಗಾಜಿನ ಸ್ಲೈಡಿಗೆ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ಮುನ್ನೂರು ಚೂರು ಎಣಿಸಿದರೆ, ಆ ಕಲ್ಲು ಇನ್ನೂ ಕೆಸರಾಗಿದ್ದ ಕಾಲಕ್ಕೆ ಆ ಜಾಗ ಏನಾಗಿತ್ತು ಎಂದು ಹೇಳಬಹುದು.

ನದಿ ಸಮುದ್ರ ಸೇರುವ ಕಡೆ ಕವಲು ಕವಲಾಗಿ ಒಡೆದು, ತಂದದ್ದನ್ನೆಲ್ಲ ಅಲ್ಲೇ ಸುರಿಯುತ್ತದಲ್ಲ, ಆ ಮುಖಜ ಭೂಮಿಯ ವಿಚಾರವೇ ನಮ್ಮ ಕಚೇರಿಯ ಅನ್ನ. ಕವಲಿನ ಪಕ್ಕದ ಕೆಸರಿನಲ್ಲಿ ದಪ್ಪ ಕಂದು ಮರದ ಚೂರು, ಅಗಲವಾದ ಎಲೆಸಿಪ್ಪೆ ಸಿಗುತ್ತವೆ. ಸಮುದ್ರದಲ್ಲಿ ದೂರ ಹೋದಂತೆ ಎಲೆ ಕೊಳೆತುಹೋಗಿ, ಮರ ಸವೆದು, ಕೊನೆಗೆ ಚಿಕ್ಕ ಕಪ್ಪು ಚೂರುಗಳು ಮಾತ್ರ ಉಳಿಯುತ್ತವೆ, ಜೊತೆಗೆ ಕಡಲಿನ ಸೂಕ್ಷ್ಮಜೀವಿಗಳ ಹೊಟ್ಟು. ಕಂದು ಎಂದರೆ ಹೊಳೆ ಹತ್ತಿರ, ಕಪ್ಪು ಎಂದರೆ ಹೊಳೆ ದೂರ. ಇಷ್ಟು ತಿಳಿದರೆ ನೀವು ನಮ್ಮ ಸಾಹೇಬರ ಅರ್ಧ ವಿದ್ಯೆ ಕಲಿತ ಹಾಗೆ. ಹೂತುಹೋದ ಹೊಳೆ ಯಾರಿಗೆ ಬೇಕು ಎನ್ನಬೇಡಿ. ಅದರ ಮರಳಿನಲ್ಲಿ, ಮೇಲೆ ಕೆಳಗೆ ಜೇಡಿಯ ಮುಚ್ಚಳದ ನಡುವೆ, ಸಿಹಿನೀರು ಇರುತ್ತದೆ.

ಕಚೇರಿಯಲ್ಲಿ ನನ್ನನ್ನು ಎಲ್ಲರೂ ಕನ್ನಡಿಯಕ್ಕ ಎನ್ನುತ್ತಾರೆ. ನಾನು ಮಾಡಿದ ಸ್ಲೈಡು ಕನ್ನಡಿಯ ಹಾಗೆ ಸ್ವಚ್ಛ ಎಂದು ಯಾರೋ ದೊಡ್ಡವರು ಬಂದಾಗ ಹೊಗಳಿದ್ದರು, ಅದೇ ಹೆಸರು ನಿಂತಿತು. ಗೋಡೆಯ ಮೇಲೆ ಅದಕ್ಕೊಂದು ಪ್ರಶಸ್ತಿ ಪತ್ರವೂ ಇದೆ. ಇಪ್ಪತ್ತೆಂಟು ವರ್ಷ ಆ ಹೆಸರಿನಲ್ಲಿ ಮೆರೆದೆ. ಹೊಸಬರು ಕೊಳಕು ಸ್ಲೈಡು ತಂದರೆ ಮುಖಕ್ಕೆ ಹೊಡೆದ ಹಾಗೆ ಬಯ್ಯುತ್ತಿದ್ದೆ.

ಆ ದಿನ ಮಧ್ಯಾಹ್ನ ತಮ್ಮನ ಫೋನು ಬಂತು. ನನ್ನ ತಮ್ಮ ನಮ್ಮ ತವರೂರಿನಲ್ಲಿ ನೀರು ಬಿಡುವ ಕೆಲಸದವನು. ಬೆಳಗಾದರೆ ಒಂದು ಮೊಳದ ಕಬ್ಬಿಣದ ಚಾವಿ ಹಿಡಿದು ಬೀದಿ ಬೀದಿಯ ವಾಲ್ವ್ ತಿರುಗಿಸುತ್ತಾನೆ. ಊರು ಕಡಲ ದಂಡೆಯಲ್ಲಿದೆ, ನಲ್ಲಿಯಲ್ಲಿ ಬರುವುದು ಉಪ್ಪುನೀರು. ಸೋಪು ನೊರೆಯಾಗುವುದಿಲ್ಲ, ಬೇಳೆ ಬೇಯುವುದಿಲ್ಲ. ವಾರಕ್ಕೆ ಎರಡು ಸಲ ಟ್ಯಾಂಕರ್ ಬಂದರೆ ಬೀದಿಯೇ ಸಾಲು ನಿಲ್ಲುತ್ತದೆ. ಸಿಟ್ಟೆಲ್ಲ ವಾಲ್ವ್ ತಿರುಗಿಸುವವನ ಮೇಲೆ.

“ಅಕ್ಕ, ಕೊರೆಯೋ ಮಿಷನ್ ಹದಿನಾಲ್ಕನೇ ತಾರೀಕು ಬರುತ್ತಂತೆ” ಎಂದ.

“ಒಳ್ಳೇದಾಯ್ತಲ್ಲ.”

“ಏನು ಒಳ್ಳೇದು? ಮತ್ತೆ ಕಡಲ ಕಡೇನೇ ಕೊರೀತಾರಂತೆ. ಮೊದಲಿನ ಎರಡೂ ಅಲ್ಲೇ ಕೊರೆದ್ರು, ಎರಡರಲ್ಲೂ ಉಪ್ಪು ಬಂತು. ಇದೇ ಕೊನೇದು, ಇದೂ ಹೋದ್ರೆ ಫೈಲ್ ಮುಚ್ತೀವಿ ಅಂದಿದಾರೆ. ನಮ್ಮ ಬೀದೀಲಿ ಈಗಾಗ್ಲೇ ಒಂಬತ್ತು ಮನೆಗೆ ಬೀಗ ಬಿದ್ದಿದೆ ಅಕ್ಕ. ನಿನ್ನೆ ಒಬ್ಬಮ್ಮ ನನ್ನ ಕುತ್ತಿಗೆಪಟ್ಟಿ ಹಿಡ್ಕೊಂಡ್ಳು. ನಾನೇನು ರಾತ್ರಿ ಎದ್ದು ಹೋಗಿ ತೊಟ್ಟೀಲಿ ಉಪ್ಪು ಸುರೀತೀನಾ?”

“ಸುರಿಯೋ ಮುಖಾನೇ ನಿಂದು.”

“ತಮಾಷೆ ಸಾಕು. ಆ ಕಡೆ ಬಸ್ ಡಿಪೋ ಹತ್ರ ಹಿಂದೆ ಒಂದು ಕೊರೆದು ಬಿಟ್ಟಿದ್ರಲ್ಲ, ಅಲ್ಲಿ ಯಾಕೆ ನೋಡಬಾರ್ದು? ಒಂದ್ಸಲ ಕಣ್ಣು ಹಾಯಿಸೇ.”

ಡಿಪೋದ ಹತ್ತಿರದ ಬಾವಿ ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಎಂಬತ್ತು ಮೀಟರ್ ಕೊರೆದು ನಿಲ್ಲಿಸಿದ್ದು. ಬರೀ ಕೆಸರುಗಲ್ಲು, ಸ್ಲೈಡಿನಲ್ಲಿ ಬರೀ ಕಪ್ಪು ಚೂರು. ಇದು ಆಳ ಸಮುದ್ರದ ಕೆಸರು, ಹೊಳೆ ಈ ಕಡೆ ಹಾಯ್ದೇ ಇಲ್ಲ, ಕೊರೆದಷ್ಟೂ ದಂಡ ಎಂದು ವರದಿಯಾಗಿತ್ತು. ಅದನ್ನು ನಂಬಿ, ಸ್ಲೈಡನ್ನು ತಾವೂ ನೋಡಿ, ನಮ್ಮ ಸಾಹೇಬರು ಇಡೀ ಪ್ರದೇಶದ ನಕ್ಷೆ ಬರೆದರು, ಡಿಪೋ ಇರುವ ಪಶ್ಚಿಮಕ್ಕೆ ನೀಲಿ ಬಣ್ಣ ಬಳಿದು ಹಳೆಯ ಕಾಲದ ಸಮುದ್ರ ಮಾಡಿಬಿಟ್ಟರು; ಅದಕ್ಕೇ ಈಗ ಕೊರೆಯುವುದೆಲ್ಲ ಕಡಲ ಕಡೆ. ಅವತ್ತಿನಿಂದ ಅವರು ನಕ್ಷೆ ಸಾಹೇಬರು. ತಮ್ಮನ ಬಾಯಿ ಮುಚ್ಚಿಸುವುದಕ್ಕೆಂದೇ ಹಳೆಯ ಸ್ಲೈಡಿನ ಪೆಟ್ಟಿಗೆ ತೆಗೆದೆ. ನೋಡು, ಕಣ್ಣಾರೆ ನೋಡಿ ಹೇಳ್ತಿದೀನಿ, ಅಲ್ಲೇನೂ ಇಲ್ಲ ಎಂದು ಹೇಳಬೇಕಿತ್ತು.

ಸ್ಲೈಡು ಕನ್ನಡಿಯಂತಿತ್ತು. ಪೆಟ್ಟಿಗೆಯ ಮೇಲೆ ನನ್ನದೇ ಅಕ್ಷರ. ಎಳೇ ವಯಸ್ಸಿನ ಗುಂಡಗಿನ ಅಕ್ಷರ ನೋಡಿ ಹೆಮ್ಮೆಯೂ ಆಯಿತು. ಕಪ್ಪು ಚೂರು, ಕಪ್ಪು ಚೂರು, ಅಲ್ಲೊಂದು ಕಡಲ ಹೊಟ್ಟು. ಸರಿಯಾಗೇ ಇದೆ ಎಂದು ತೆಗೆದಿಡುವಾಗ ಒಂದು ಪರಾಗದ ಕಣ ಕಣ್ಣಿಗೆ ಬಿತ್ತು. ಪರಾಗದ ಗೋಡೆ ಜೇನಿನ ಬಣ್ಣಕ್ಕೆ ಇರಬೇಕು. ಇದು ನೀರಿನ ಹಾಗೆ ಬೆಳ್ಳಗಿತ್ತು, ಊದಿಕೊಂಡಿತ್ತು, ಅಂಚು ತಿಂದುಹೋಗಿತ್ತು. ಇನ್ನೊಂದು ನೋಡಿದೆ, ಅದೂ ಹಾಗೇ. ಹನ್ನೊಂದು ಕಣ ಹುಡುಕಿದೆ, ಹನ್ನೊಂದೂ ಬೆಂದುಹೋಗಿದ್ದವು.

ಸಮುದ್ರ ಪರಾಗವನ್ನು ಹೀಗೆ ಮಾಡುವುದಿಲ್ಲ. ನೈಟ್ರಿಕ್ ಆಸಿಡ್ ಮಾಡುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತಪ್ಪು ಇರುವುದು ಇಲ್ಲೇ. ಆ ಕಾಲಕ್ಕೆ ಎಲ್ಲರಿಗೂ ಬೇಕಾಗಿದ್ದದ್ದು ಪರಾಗ ಮಾತ್ರ. ಕಲ್ಲಿನ ವಯಸ್ಸು ಹೇಳುವುದು ಅದೇ. ಸುತ್ತಲಿನ ಮರದ ಚೂರು, ಎಲೆಸಿಪ್ಪೆ ಎಲ್ಲ ಕಸ, ಅಡ್ಡ ಬರುತ್ತವೆ ಎಂದು ಕೊನೆಯಲ್ಲಿ ಐದು ನಿಮಿಷ ನೈಟ್ರಿಕ್ ಹಾಕಿ ತೊಳೆಯುವ ಪದ್ಧತಿ ಇತ್ತು. ನಾನು ಅರ್ಧ ಗಂಟೆ ಇಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ನನ್ನದೇ ಹೆಚ್ಚುಗಾರಿಕೆ. ಅರ್ಧ ಗಂಟೆ ಇಟ್ಟರೆ ಕಂದು ಬಣ್ಣದ್ದೆಲ್ಲ ಕರಗಿ ಸ್ಲೈಡು ಥಳಥಳ ಎನ್ನುತ್ತಿತ್ತು. ಇದ್ದಿಲಿನಂಥ ಕಪ್ಪು ಚೂರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಅಂದರೆ ಹೊಳೆಯ ಕುರುಹನ್ನೆಲ್ಲ ನಾನೇ ಸುಟ್ಟು, ಸಮುದ್ರದ ಹಾಗೆ ಕಾಣುವುದನ್ನು ಮಾತ್ರ ಉಳಿಸಿ, ಸ್ವಚ್ಛ ಎಂದು ಬೀಗಿ ಕೊಟ್ಟಿದ್ದೆ. ನಾನು ಕೆಲಸಕ್ಕೆ ಸೇರಿ ಆರು ವರ್ಷವಾದ ಮೇಲೆ ನಿಯಮ ಬದಲಾಯಿತು. ಗಿಡದ ಕಸ ಎಣಿಸುವುದಕ್ಕೆ ನೈಟ್ರಿಕ್ ಮುಟ್ಟಿಸದ ಸ್ಲೈಡು ಬೇರೆ ಮಾಡಿ ಎಂದು ಸುತ್ತೋಲೆ ಬಂತು. ಸುತ್ತೋಲೆ ಓದಿ ಸಹಿ ಹಾಕಿದೆ. ಹಿಂದಿನ ಆರು ವರ್ಷದ ಸ್ಲೈಡುಗಳ ಗತಿ ಏನು ಎಂದು ಆವತ್ತು ಕೇಳಬೇಕಾಗಿದ್ದವಳು ನಾನೇ. ಕೇಳಲಿಲ್ಲ. ಗೋಡೆಯ ಮೇಲೆ ಪ್ರಶಸ್ತಿ ಪತ್ರ ಇತ್ತಲ್ಲ, ಅದು ಬಾಯಿ ಕಟ್ಟಿತ್ತು ಎಂದು ಈಗ ಅನ್ನಿಸುತ್ತದೆ.

ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದೆ. ನಮ್ಮವರು ದರ್ಜಿ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಪೂರ್ತಿ ಕೇಳಿದರು.

“ಆ ವರದಿಗೆ ಸಹಿ ಯಾರದು?” ಎಂದು ಕೇಳಿದರು, ಸೂಜಿ ತೆಗೆದು.

“ಆಗಿನ ಲ್ಯಾಬ್ ಮೇಲ್ವಿಚಾರಕರದು. ತೀರಿಕೊಂಡು ಹತ್ತು ವರ್ಷ ಆಯ್ತು.”

“ಹಾಗಾದ್ರೆ ಅವರ ಮೇಲೇ ಹೋಗುತ್ತೆ.”

“ರೀ, ಏನು ಮಾತು ಅಂತ ಆಡ್ತೀರಿ?”

“ನೀನು ಏನಂತೀಯ ನೋಡೋಣ ಅಂತ ಅಂದೆ” ಎಂದು ನಕ್ಕರು. “ತಪ್ಪು ಹೊಲಿಗೆ ಹಾಕಿದ ಕೈನೇ ಬಿಚ್ಚಬೇಕು ಕಣೇ. ಬೇರೆಯವರು ಬಿಚ್ಚೋಕೆ ಹೋದ್ರೆ ಬಟ್ಟೇನೇ ಹರೀತಾರೆ. ಎಷ್ಟು ದಿನ ಇದೆ?”

“ಹನ್ನೆರಡು.”

“ಸಾಕು ಬಿಡು. ಅಡುಗೆ ನಾನು ನೋಡ್ಕೋತೀನಿ.”

ಮರುದಿನ ಬೆಳಿಗ್ಗೆ ಉಗ್ರಾಣದ ಬಾಗಿಲಲ್ಲಿ ನಿಂತೆ. ಕೊರೆದ ಕಲ್ಲಿನ ಪೆಟ್ಟಿಗೆಗಳೆಲ್ಲ ಇರುವುದು ಅಲ್ಲಿ. ಅದನ್ನು ಕಾಯುವ ಉಗ್ರಾಣಿ ನನ್ನ ವಾರಿಗೆಯವನು, ಆದರೆ ಹುಟ್ಟುವಾಗಲೇ ಸೊಂಟ ಹಿಡಿದುಕೊಂಡು ಹುಟ್ಟಿದವನು.

“ಸಾಹೇಬ್ರ ಸಹಿ ಎಲ್ಲಿ?” ಎಂದ.

“ಐವತ್ತು ಗ್ರಾಂ ಒಳಗಾದ್ರೆ ತಾಂತ್ರಿಕ ಸಿಬ್ಬಂದಿ ಸ್ವಂತ ಸಹಿ ಮೇಲೆ ತಗೋಬಹುದು. ನಾಲ್ಕನೇ ನಮೂನೆ. ನೀನೇ ಗೋಡೆಗೆ ಅಂಟಿಸಿದೀಯ, ತಿರುಗಿ ನೋಡು.”

“ಆ ಪೆಟ್ಟಿಗೆ ತಳದಲ್ಲಿದೆ. ಮೇಲೆ ಹದಿನೆಂಟು ಪೆಟ್ಟಿಗೆ ಇದೆ. ನನ್ನ ಸೊಂಟ...”

“ನಿನ್ನ ಸೊಂಟದ ಕಥೆ ಕೇಳಿ ಕೇಳಿ ನನ್ನ ಸೊಂಟ ನೋಯ್ತಿದೆ. ಪಕ್ಕಕ್ಕೆ ಸರಿ.”

ಹದಿನೆಂಟು ಪೆಟ್ಟಿಗೆ ನಾನೇ ಎತ್ತಿಡಲು ಶುರು ಮಾಡಿದೆ. ನಾಲ್ಕನೆಯದಕ್ಕೆ ಅವನಿಗೆ ನಾಚಿಕೆಯಾಗಿ, ಗೊಣಗಿಕೊಂಡೇ ಕೈ ಹಚ್ಚಿದ. ತಳದ ಪೆಟ್ಟಿಗೆಯ ಚೀಟಿಯನ್ನು ಇಲಿ ತಿಂದಿತ್ತು, ಆದರೆ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಆಳದ ಗುರುತು ಹಾಗೇ ಇತ್ತು. ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು ಮೀಟರಿನಿಂದ ಒಂದೊಂದು ತುಂಡು ಆರಿಸಿದೆ. ಎಂಬತ್ತರ ತುಂಡನ್ನು ಅಲ್ಲೇ ಉಳಿಯಿಂದ ಪದರದ ಗುಂಟ ತಟ್ಟಿದೆ. ಟಪ್ಪೆಂದು ಬಿಚ್ಚಿಕೊಂಡಿತು. ಒಳಗೆ ಹೆಬ್ಬೆರಳಿನಗಲದ ಒಂದು ಎಲೆ, ನರ ನರವೂ ಕಾಣುವ ಹಾಗೆ, ಕಪ್ಪುಗಂದು ಬಣ್ಣದಲ್ಲಿ ಮಲಗಿತ್ತು.

“ಅಯ್ಯೋ ದೇವರೇ, ಎಲೆ!” ಎಂದ ಉಗ್ರಾಣಿ, ಸೊಂಟ ಮರೆತು.

ಇಪ್ಪತ್ತಾರು ವರ್ಷ ಅದನ್ನು ಯಾರೂ ತಟ್ಟಿ ನೋಡಿರಲಿಲ್ಲ. ನನ್ನ ಸ್ಲೈಡೇ ಅಷ್ಟು ಚೆನ್ನಾಗಿತ್ತು, ಕಲ್ಲು ನೋಡುವ ಅಗತ್ಯ ಯಾರಿಗೆ ಬಂದೀತು? ಅಲ್ಲೇ ಧೂಳಿನ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ. ಉಗ್ರಾಣಿ ಏನು ಮಾಡಬೇಕೆಂದು ತಿಳಿಯದೆ ನಾಲ್ಕನೇ ನಮೂನೆ ತುಂಬಿಸಿಕೊಂಡ.

ಓಡಿಹೋಗಿ ಸಾಹೇಬರಿಗೆ ಎಲೆ ತೋರಿಸಬಹುದಿತ್ತು. ಆದರೆ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತು. ಒಂದು ಎಲೆ ತೇಲಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ ಎನ್ನುತ್ತಾರೆ, ಅದು ನಿಜವೂ ಹೌದು. ಒಂದು ಎಲೆಯಿಂದ ಹೊಳೆ ಆಗುವುದಿಲ್ಲ. ಮುನ್ನೂರು ಚೂರು ಎಣಿಸಲೇಬೇಕು.

ಎಂಟು ದಿನ ಹಿಡಿಯಿತು. ಆಸಿಡ್ಡಿಗೆ ಅವಸರ ಮಾಡಿದರೆ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ. ದಪ್ಪ ಕೈಗವಸು, ಮುಖಕ್ಕೆ ಗುರಾಣಿ ಹಾಕಿಕೊಂಡು, ಗಾಜಿನ ಗೂಡಿನೊಳಗೆ ಕೈ ತೂರಿ, ಐದು ಲೋಟವನ್ನೂ ಕೂಸು ನೋಡಿಕೊಂಡ ಹಾಗೆ ನೋಡಿಕೊಂಡೆ. ತೊಳೆದೆ, ಸೋಸಿದೆ, ಮತ್ತೆ ತೊಳೆದೆ. ನೈಟ್ರಿಕ್ ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ, ಕೈ ತನ್ನಷ್ಟಕ್ಕೆ ಅತ್ತ ಹೋಗುತ್ತಿತ್ತು. ಸ್ಲೈಡು ಸಿದ್ಧವಾದಾಗ ನೋಡಿದರೆ ಕಣ್ಣಿಗೆ ಹೇಸಿಗೆ. ಕಂದು ಕಂದು, ಗಿಜಿಗಿಜಿ, ಗುಡಿಸದ ಅಂಗಳ ಇದ್ದ ಹಾಗೆ. ಅಂಥ ಸ್ಲೈಡನ್ನು ಬೇರೆ ಯಾರಾದರೂ ತಂದಿದ್ದರೆ ಬಾಗಿಲಿಂದಾಚೆ ಎಸೆಯುತ್ತಿದ್ದೆ.

ಎಣಿಸಲು ಕೂತೆ. ನಲವತ್ತು ಮೀಟರಿನದರಲ್ಲಿ ಸಣ್ಣ ಕಂದು ಚೂರು, ಸ್ವಲ್ಪ ಎಲೆಸಿಪ್ಪೆ. ಅರವತ್ತರಲ್ಲಿ ಚೂರು ದೊಡ್ಡವಾದವು. ಎಂಬತ್ತರಲ್ಲಿ ಮರದ ಚೂರುಗಳು ಮೈಕ್ರೋಸ್ಕೋಪಿನ ನೋಟವನ್ನೆಲ್ಲ ತುಂಬಿಕೊಂಡು, ಮರದೊಳಗಿನ ಕೊಳವೆಗಳ ಏಣಿಗೆರೆಯೂ ಕಾಣುತ್ತಿತ್ತು. ಮುನ್ನೂರರಲ್ಲಿ ಕಪ್ಪು ಚೂರು ಇಪ್ಪತ್ತೊಂದು, ಕಡಲ ಹೊಟ್ಟು ಬರೀ ಮೂರು. ಉಬ್ಬರದ ಜೊತೆ ಮೂರು ಹೊಟ್ಟು ಹೊಳೆಬಾಯಿಗೆ ಬರುವುದು ಮಾಮೂಲು. ಕೆಳಕ್ಕೆ ಹೋದಂತೆಲ್ಲ ಚೂರು ದಪ್ಪವಾಗುತ್ತಿದೆ ಎಂದರೆ ಅದರ ಅರ್ಥ ಒಂದೇ. ಹೊಳೆ ಇನ್ನೂ ಕೆಳಗಿದೆ. ನಾವು ಅದರ ನೆತ್ತಿಯ ಮೇಲೆ ನಿಂತು, ಇಲ್ಲಿ ಹೊಳೆಯೇ ಇಲ್ಲ ಎಂದು ಗಂಟು ಮೂಟೆ ಕಟ್ಟಿಕೊಂಡು ಬಂದಿದ್ದೆವು.

ಇನ್ನು ಉಳಿದದ್ದು ಸಾಹೇಬರು. ಕೆಟ್ಟ ಮನುಷ್ಯ ಅಲ್ಲ ಅವರು, ಆದರೆ ಆ ನಕ್ಷೆ ಅವರ ಮಗಳಿದ್ದ ಹಾಗೆ. ಅದರ ಮೇಲೆ ಯಾರಾದರೂ ಮಾತಾಡಿದರೆ ಸಹಿಸುವುದಿಲ್ಲ. ಸುಮ್ಮನೆ ಹೋಗಿ ಹೇಳಿದರೆ ‘ನೋಡೋಣ, ಬರವಣಿಗೆಯಲ್ಲಿ ಕೊಡಿ’ ಎನ್ನುತ್ತಾರೆ, ಅಷ್ಟರಲ್ಲಿ ಮಿಷನ್ ಕಡಲ ಕಡೆ ಹೋಗಿರುತ್ತದೆ. ಅದಕ್ಕೇ ಎಂಬತ್ತು ಮೀಟರಿನ ಕಲ್ಲಿನಲ್ಲಿ ಎಲೆಯಿಲ್ಲದ ಪಕ್ಕದ ಚೂರೊಂದನ್ನು ಮೊದಲೇ ಎರಡು ಭಾಗ ಮಾಡಿದ್ದೆ. ಪ್ರತಿ ಭಾಗದಲ್ಲೂ ಉಗುರಿನಷ್ಟು ಮುರಿದು ಕರಗಿಸಿದ್ದೆ. ಒಂದನ್ನು ಹಾಗೇ ಬಿಟ್ಟೆ. ಇನ್ನೊಂದನ್ನು, ಬೀಗ ತೆಗೆದು, ಅರ್ಧ ಗಂಟೆ ನೈಟ್ರಿಕ್ಕಿನಲ್ಲಿ ಇಟ್ಟೆ. ಇಪ್ಪತ್ತಾರು ವರ್ಷದ ಹಿಂದೆ ಮಾಡುತ್ತಿದ್ದ ಹಾಗೆ. ಒಂದು ಸ್ಲೈಡಿಗೆ ಒಂದು, ಇನ್ನೊಂದಕ್ಕೆ ಎರಡು ಎಂದು ಮಾತ್ರ ಬರೆದೆ.

ಹನ್ನೊಂದನೇ ತಾರೀಕು ಬೆಳಿಗ್ಗೆ ಅವರ ಕೋಣೆಗೆ ಹೋದೆ.

“ಸಾರ್, ಎರಡು ಸ್ಲೈಡಿದೆ. ಹೊಸಬರಿಗೆ ಕಲಿಸೋಕೆ ಬೇಕು. ಸ್ವಲ್ಪ ನೋಡಿ ಹೇಳ್ತೀರಾ?”

ಅವರಿಗೆ ಇದು ಇಷ್ಟದ ಆಟ. ಸ್ಲೈಡು ನೋಡಿ ಎರಡು ನಿಮಿಷದಲ್ಲಿ ಭೂಮಿಯ ಜಾತಕ ಹೇಳುತ್ತೇನೆ ಎನ್ನುವುದು ಅವರ ಹೆಮ್ಮೆ. ಕನ್ನಡಕ ಹಣೆಗೇರಿಸಿ ಮೈಕ್ರೋಸ್ಕೋಪಿಗೆ ಬಗ್ಗಿದರು.

“ಮೊದಲನೇದು ಕವಲು ಹೊಳೆ ಪಕ್ಕದ್ದು. ಕೊಳಕಾಗಿ ಮಾಡಿದಾರೆ, ಆದರೂ ಹೊಳೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ಇಂಥದ್ದು ಸಿಕ್ಕರೆ ಕಣ್ಣು ಮುಚ್ಚಿ ಕೊರೀಬಹುದು. ಎರಡನೇದು...” ಸ್ಲೈಡು ಬದಲಿಸಿದರು. “ಆಹಾ, ಇದು ನಿಮ್ಮ ಕೈಯಿಂದಾನೇ ಆಗಿರೋದು, ಕನ್ನಡಿ. ಇದು ಆಳ ಸಮುದ್ರ. ದಡದಿಂದ ಮೂವತ್ತು ನಲವತ್ತು ಕಿಲೋಮೀಟರ್ ಆಚೆ.”

“ಖಂಡಿತಾನಾ ಸಾರ್?”

“ಬರೆದು ಕೊಡ್ಲಾ?”

“ಕೊಡಿ ಸಾರ್.”

ನಗುತ್ತಾ ಚೀಟಿಯ ಮೇಲೆ ಬರೆದು ಸಹಿ ಹಾಕಿದರು. ನಾನು ಸೆರಗಿನ ಗಂಟಿನಿಂದ ಕಲ್ಲಿನ ಎರಡು ಭಾಗ ತೆಗೆದು ಮೇಜಿನ ಮೇಲಿಟ್ಟೆ. ಒಂದರ ಮೇಲೆ ಒಂದು ಅಂತಲೂ ಇನ್ನೊಂದರ ಮೇಲೆ ಎರಡು ಅಂತಲೂ ಬರೆದಿತ್ತು. ಜೋಡಿಸಿದೆ. ಕಚ್ಚಿಕೊಂಡು ಕೂತವು, ಕೂದಲೆಳೆ ಸಂದು ಇಲ್ಲದ ಹಾಗೆ. ಮೇಲೆ ಬಣ್ಣದಲ್ಲಿ ಬಾವಿಯ ಸಂಖ್ಯೆ, ಎಂಬತ್ತು ಮೀಟರ್ ಎಂಬ ಗುರುತು ಒಂದಾಗಿ ಓದಿಸಿಕೊಂಡಿತು.

ಅವರು ಎರಡು ಭಾಗವನ್ನೂ ಬಿಡಿಸಿ, ಮತ್ತೆ ಜೋಡಿಸಿ ನೋಡಿದರು. ಮುಖ ಕೆಂಪಗಾಯಿತು.

“ನಂಗೆ ಬಲೆ ಹಾಕಿದ್ಯಾ?” ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಹೌದು ಸಾರ್, ಹಾಕಿದೆ. ಬೇರೆ ದಾರಿ ಇರ್ಲಿಲ್ಲ. ಎರಡನೇದಕ್ಕೆ ಅರ್ಧ ಗಂಟೆ ನೈಟ್ರಿಕ್ ಹಾಕಿದೀನಿ. ಡಿಪೋ ಬಾವಿಗೂ ಆವತ್ತು ಹಾಗೇ ಹಾಕಿದ್ದೆ. ನೀವು ನೋಡಿದ್ದು ಸಮುದ್ರ ಅಲ್ಲ ಸಾರ್, ನನ್ನ ಆಸಿಡ್ಡು.”

“ಒಂದು ಕಲ್ಲು! ಒಂದು ಕಲ್ಲಿಟ್ಕೊಂಡು ನನ್ನ ನಕ್ಷೇನೇ ಹರಿಯೋಕೆ ಬಂದ್ಯಾ?”

“ಒಂದಲ್ಲ, ಐದು.” ಉಳಿದ ಸ್ಲೈಡು, ಎಣಿಕೆಯ ಹಾಳೆ, ಎಲೆಯ ಕಲ್ಲು ಎಲ್ಲ ಸಾಲಾಗಿ ಇಟ್ಟೆ. “ಬಯ್ಯೋದು ಆಮೇಲೆ ಬಯ್ಯಿ ಸಾರ್. ಹದಿನಾಲ್ಕಕ್ಕೆ ಮಿಷನ್ ಬರುತ್ತೆ. ಮೊದಲು ನೋಡಿ.”

“ಆಚೆ ಹೋಗು” ಎಂದರು. ನಾನು ಹೋಗಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಊಟದ ಹೊತ್ತು ಕಳೆಯಿತು. ಅವರು ನಲವತ್ತು ನೋಡಿದರು, ಐವತ್ತು ನೋಡಿದರು, ತಾವೇ ಮತ್ತೆ ಎಣಿಸಿದರು. ಎಂಬತ್ತರ ಮುಂದೆ ಕೂತಾಗ ಅವರ ಬೆನ್ನು ಮೆಲ್ಲಗೆ ಬಾಗಿತು. ಗೋಡೆಯ ಮೇಲಿನ ನಕ್ಷೆಯ ಹತ್ತಿರ ಹೋಗಿ ಪಶ್ಚಿಮದ ನೀಲಿಯ ಮೇಲೆ ಅಂಗೈ ಇಟ್ಟು ನಿಂತರು. ನನಗೆ ಅವರನ್ನು ನೋಡಿ ನಿಜಕ್ಕೂ ಪಾಪ ಎನ್ನಿಸಿತು.

“ಹೊಳೆ ಕೆಳಗಿದೆ” ಎಂದರು, ಗೋಡೆಗೆ ಹೇಳಿದ ಹಾಗೆ. “ಎಷ್ಟು ಕೆಳಗೋ.”

“ಬಹಳ ಇಲ್ಲ ಸಾರ್. ಚೂರು ನೋಡಿದ್ರಲ್ಲ.”

ಜಾಗ ಬದಲಿಸುವ ಪತ್ರ ಅಲ್ಲೇ ಬರೆದರು. ಓದಿ ಹೇಳಿದರು: ತಾಂತ್ರಿಕ ಕಾರಣಗಳಿಂದ ಕೊರೆಯುವ ಸ್ಥಳವನ್ನು ಡಿಪೋ ಪಕ್ಕಕ್ಕೆ ಬದಲಾಯಿಸಲಾಗಿದೆ.

“ಇಷ್ಟೇ ಸಾಲದು ಸಾರ್. ನೈಟ್ರಿಕ್ ವಿಷಯ ಬರೀಬೇಕು. ನನ್ನ ಹೆಸರೂ ಬರೀಬೇಕು.”

“ನಿಮಗೇನು ತಲೆ ಕೆಟ್ಟಿದ್ಯಾ?” ಏಕವಚನ ಹೋಗಿತ್ತು. “ಯಾರೂ ಕೇಳ್ತಿಲ್ಲ. ನಿಮ್ಮ ಹೆಸರು ಉಳಿಯುತ್ತೆ, ನನ್ನದೂ ಉಳಿಯುತ್ತೆ.”

“ನನ್ನ ಹೆಸರು ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಆ ಆರು ವರ್ಷದಲ್ಲಿ ನಲವತ್ತೊಂದು ಬಾವಿಗೆ ಸ್ಲೈಡು ಮಾಡಿದೀನಿ ಸಾರ್. ತಾಂತ್ರಿಕ ಕಾರಣ ಅಂದ್ರೆ ಯಾರು ಹೋಗಿ ಆ ನಲವತ್ತೊಂದನ್ನ ಮತ್ತೆ ನೋಡ್ತಾರೆ? ಅಲ್ಲೂ ಒಂದೊಂದು ಊರಿದೆ. ಅಲ್ಲೂ ಯಾರೋ ಒಬ್ಬ ವಾಲ್ವ್ ತಿರುಗಿಸೋನು ಬೈಗುಳ ತಿಂತಿದಾನೆ.”

ಅವರು ಪೆನ್ನಿನ ತುದಿ ಕಚ್ಚಿಕೊಂಡು ನನ್ನನ್ನೇ ನೋಡಿದರು. ಆಮೇಲೆ ಹಾಳೆ ಹರಿದು ಹೊಸದು ತೆಗೆದುಕೊಂಡರು. ನಾನು ಹೇಳಿದೆ, ಅವರು ಬರೆದರು. ಮುಗಿದ ಮೇಲೆ, ಸ್ಲೈಡಿನಲ್ಲಿ ಪರಾಗದ ಗೋಡೆ ತಿಂದುಹೋಗಿದ್ದನ್ನು ಓದಿದವನಾದ ನಾನೂ ಗಮನಿಸಲಿಲ್ಲ ಎಂದು ಇನ್ನೊಂದು ಸಾಲನ್ನು ಅವರೇ ಸೇರಿಸಿದರು. ಅದನ್ನು ನಾನು ಹೇಳಿರಲಿಲ್ಲ. ಸಹಿ ಹಾಕಿ ನನ್ನ ಕಡೆ ತಳ್ಳಿದರು. ನಾನೂ ಹಾಕಿದೆ.

ಲ್ಯಾಬಿಗೆ ಹೋಗಿ ಪ್ರಶಸ್ತಿ ಪತ್ರ ಇಳಿಸಿದೆ. ಆ ಜಾಗದಲ್ಲಿ ನಲವತ್ತೊಂದು ಬಾವಿಗಳ ಪಟ್ಟಿ ಅಂಟಿಸಿ, ಮೊದಲನೆಯದಕ್ಕೆ ಗುರುತು ಹಾಕಿ, ಉಗ್ರಾಣಕ್ಕೆ ಹೋದೆ. ಉಗ್ರಾಣಿ ನನ್ನನ್ನು ನೋಡಿದ್ದೇ ಸೊಂಟದ ಮೇಲೆ ಕೈ ಇಟ್ಟುಕೊಂಡ. ಆದರೂ ಎದ್ದ.

ಹದಿನಾಲ್ಕಕ್ಕೆ ಕೊರೆಯುವುದು ಶುರುವಾಯಿತು. ಎಂಬತ್ತು ಮೀಟರ್ ದಾಟಿದಾಗ ಸಾಹೇಬರು ಫೋನು ಮಾಡಿ ಹೇಳಿದರು, ಇನ್ನೂ ಕೆಸರುಗಲ್ಲೇ. ತೊಂಬತ್ತಕ್ಕೂ ಕೆಸರುಗಲ್ಲೇ. ಮೂರು ದಿನ ನಾನು ಉಂಡದ್ದು ಏನೆಂದು ನೆನಪಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ತೊಂಬತ್ತೇಳು ಮೀಟರಿಗೆ ಮರಳು ಸಿಕ್ಕಿತು. ನಾವು ಹಿಂದೆ ನಿಲ್ಲಿಸಿದ್ದಕ್ಕಿಂತ ಹದಿನೇಳು ಮೀಟರ್ ಕೆಳಗೆ.

ಮಧ್ಯಾಹ್ನ ತಮ್ಮನ ಫೋನು. ಹಿಂದೆ ಕೊಡಗಳ ಸದ್ದು, ಹೆಂಗಸರ ಕೂಗಾಟ, ಯಾರೋ ಸಿಳ್ಳೆ ಹಾಕುತ್ತಿದ್ದರು.

“ಅಕ್ಕಾ! ಸಿಹಿ ಅಕ್ಕ, ಸಿಹಿ! ಕುಡಿದು ಕುಡಿದು ಹೊಟ್ಟೆ ಡೊಳ್ಳಾಗಿದೆ. ಕುತ್ತಿಗೆಪಟ್ಟಿ ಹಿಡಿದಿದ್ಲಲ್ಲ ಆ ಅಮ್ಮ, ಈಗ ನನ್ನ ಕೆನ್ನೆ ಸವರಿದ್ಲು! ಹುಡುಕಿದ್ದು ನಮ್ಮಕ್ಕ ಅಂತ ಎಲ್ಲರಿಗೂ ಸಾರ್ತಾ ಇದೀನಿ.”

“ಸಾರಬೇಡ ಕಣೋ” ಎಂದೆ. ಹೇಳಿಯೇಬಿಟ್ಟೆ. “ಅದೇ ಜಾಗದಲ್ಲಿ ಇಪ್ಪತ್ತಾರು ವರ್ಷದ ಹಿಂದೆ ಕೊರೆಯೋದು ನಿಂತದ್ದು ನನ್ನಿಂದ. ಸ್ಲೈಡು ನಾನು ತಪ್ಪು ಮಾಡಿದ್ದೆ. ಇನ್ನು ಹದಿನೇಳು ಮೀಟರ್ ಹೋಗಿದ್ರೆ ಆವತ್ತೇ ಸಿಗ್ತಿತ್ತು.”

ಆ ಕಡೆ ಕೊಡಗಳ ಸದ್ದು ಸಣ್ಣದಾಯಿತು. ಜನರ ಸದ್ದಿನಿಂದ ದೂರ ನಡೆದು ಹೋದನೆಂದು ತಿಳಿಯಿತು.

“ನಮ್ಮಮ್ಮ ಬದುಕಿದ್ದಾಗ್ಲೇ?” ಎಂದು ಕೇಳಿದ.

“ಹೂಂ. ಅಮ್ಮ ಇದ್ದಾಗ.”

ಫೋನು ಇಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ಆರೂವರೆಗೆ ಫೋನು ಬಂತು. ತೆಗೆದೆ.

“ನಿನ್ನೆ ಜನ ಇದ್ರು, ಬಯ್ಯೋಕಾಗ್ಲಿಲ್ಲ” ಎಂದ. ಆಮೇಲೆ ಬಯ್ದ. ಅಮ್ಮನ ಕೈ ಆ ನೀರಿಗೆ ಬಿರಿದು ಹಿಟ್ಟು ನಾದಲೂ ಆಗದೆ ಇದ್ದದ್ದು, ಟ್ಯಾಂಕರಿನ ಸಾಲಿನಲ್ಲಿ ಬಿಸಿಲಿಗೆ ಎರಡು ಸಲ ಕುಸಿದು ಬಿದ್ದದ್ದು, ಅಕ್ಕನಿಗೆ ಹೇಳಬೇಡ, ಅವಳು ಕೆಲಸದಲ್ಲಿರ್ತಾಳೆ ಎಂದದ್ದು, ಮೂತ್ರಪಿಂಡದ ಕಲ್ಲಿಗೆ ಆಸ್ಪತ್ರೆಯಲ್ಲಿ ಮಲಗಿದಾಗಲೂ ನನ್ನ ಮಗಳು ಕಲ್ಲು ಕರಗಿಸೋಳು ಅಂತ ಡಾಕ್ಟರಿಗೆ ಹೇಳಿ ನಕ್ಕದ್ದು, ಎಲ್ಲ ಹೇಳಿ ಹೇಳಿ ಬಯ್ದ. ಹುಟ್ಟಿದಾಗಿನಿಂದ ಅವನ ಒಂದು ಮಾತಿಗೆ ನನ್ನದು ಹತ್ತು ಮಾತು. ಆವತ್ತು ಒಂದೂ ಆಡಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಮ್ಮವರು ಹೊಲಿಗೆ ಮಿಷನ್ ನಿಲ್ಲಿಸಿದರು.

“ಮುಗೀತಾ?” ಎಂದೆ, ಅವನು ಉಸಿರು ತೆಗೆದುಕೊಳ್ಳಲು ನಿಂತಾಗ.

“ಇಲ್ಲ. ನಾಳೆಗೂ ಇದೆ.”

“ಸರಿ. ಎಷ್ಟು ಹೊತ್ತಿಗೆ ಮಾಡ್ತೀಯ?”

“ನೀರು ಬಿಟ್ಟು ಬಂದ್ಮೇಲೆ. ಇದೇ ಹೊತ್ತಿಗೆ.”

“ಮಾಡು. ಇಲ್ಲೇ ಕೂತಿರ್ತೀನಿ” ಎಂದೆ.